ಹಸಿರು ಚುಕ್ಕಿ ನೋಡಿದ್ರೆ ಕೆಲಸ ಮುಗೀಲಿಲ್ಲ: ಸಸ್ಯಾಹಾರಿಗಳು ಪ್ಯಾಕೆಟ್ ಓದುವ ಕ್ರಮ

ತುಂಬ ಜನ ಒಂದೇ ಜಾಗದಲ್ಲಿ ಎಡವ್ತಾ ಇದ್ದಾರೆ, ಹಾಗಾಗಿ ಇದನ್ನ ಸ್ವಲ್ಪ ಉದ್ದಕ್ಕೇ ಬರೀತಿದ್ದೇನೆ. ಕೆಲವರು ಹಸಿರು ಚುಕ್ಕಿ ಕಂಡ ಕೂಡ್ಲೆ ಬುಟ್ಟಿಗೆ ಹಾಕ್ತಾರೆ, ಆಮೇಲೆ ಚಾಕಲೇಟಿನ ಹೊಳಪಿಗೆ ಹುಳದ ಅರಗು ಹಾಕಿದ್ದಾರೆ ಅಂತ ಗೊತ್ತಾಗಿ ಬೇಜಾರು ಮಾಡ್ಕೊಳ್ತಾರೆ. ಇನ್ನು ಕೆಲವರು ವಾಟ್ಸಾಪ್‌ನಲ್ಲಿ ಬಂದ ನಂಬರ್ ಪಟ್ಟಿ ಹಿಡ್ಕೊಂಡು ಮನೆಯಲ್ಲಿದ್ದ ಬಿಸ್ಕೆಟ್, ಬ್ರೆಡ್ ಎಲ್ಲ ಬಿಸಾಡ್ತಾರೆ, ಬಿಸಾಡುವ ಅಗತ್ಯವೇ ಇಲ್ಲದ್ದನ್ನೂ ಸೇರಿಸಿ. ಮತ್ತೆ ಕೆಲವರಿಗೆ ಚುಕ್ಕಿ ಹಸಿರಿದ್ರೆ ದನಕ್ಕೂ ಜೇನಿಗೂ ಹಿಂಸೆ ಆಗ್ಲಿಲ್ಲ ಅಂತ ನಂಬಿಕೆ.

ಇಲ್ಲಿ ಇರೋದು ಎರಡು ಪ್ರಶ್ನೆ. ಒಂದು, ಈ ಪ್ಯಾಕೆಟ್ ಒಳಗೆ ಪ್ರಾಣಿಯದ್ದು ಏನಾದ್ರೂ ಉಂಟಾ. ಎರಡು, ಇದನ್ನ ಮಾಡ್ಲಿಕ್ಕೆ ಪ್ರಾಣಿಯನ್ನ ಹೇಗೆ ನಡೆಸಿಕೊಂಡ್ರು. ಹಸಿರು ಚುಕ್ಕಿ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡ್ತದೆ, ಅದೂ ಪೂರ್ತಿ ಅಲ್ಲ. ಎರಡನೆಯದಕ್ಕೆ ಪ್ಯಾಕೆಟ್ ಮೇಲೆ ಉತ್ತರವೇ ಇಲ್ಲ, ಅದನ್ನ ಕೇಳಿ ತಿಳ್ಕೊಳ್ಬೇಕು. ಎರಡನ್ನೂ ಕಲಸಿದ್ರೆ ಎರಡೂ ಸಿಗುವುದಿಲ್ಲ, ಹಾಗಾಗಿ ಕೆಳಗೆ ಹೇಳಿದ ಕ್ರಮದಲ್ಲೇ ಹೋಗಿ.

ಬೇಕಾಗುವ ಸಾಮಾನು

ಝೂಮ್ ಆಗುವ ಕ್ಯಾಮರಾ ಇರುವ ಮೊಬೈಲ್ ಸಾಕು, ಯಾಕಂದ್ರೆ ಅಕ್ಷರ ಎಷ್ಟು ಸಣ್ಣ ಇರ್ತದೆ ಅಂದ್ರೆ ಬರಿ ಕಣ್ಣಲ್ಲಿ ಓದ್ಲಿಕ್ಕೆ ಆಗುವುದಿಲ್ಲ. ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಮತ್ತೆ ಒಂದು ಹಾಳೆ, ಪೆನ್ನು. ಮೊದಲ ಸಲ ಅಂಗಡಿಯಲ್ಲಿ ನಿಂತು ಮಾಡ್ಬೇಡಿ, ಹಿಂದೆ ಜನ ಕಾಯ್ತಾ ಇರ್ತಾರೆ, ಅವಸರ ಆಗ್ತದೆ. ಮನೆಯಲ್ಲಿ ಈಗಾಗ್ಲೇ ಇರುವ ಡಬ್ಬ, ಪ್ಯಾಕೆಟ್ ಎಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು ಶುರು ಮಾಡಿ.

ಹಂತ 1: ನಿಮ್ಮ ಗೆರೆ ಎಲ್ಲಿ ಅಂತ ಮೊದಲು ಬರ್ಕೊಳ್ಳಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು, ಆಮೇಲೆ ಬರುವ ಗೊಂದಲಕ್ಕೆಲ್ಲ ಇದೇ ಕಾರಣ. ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆ ಸಸ್ಯಾಹಾರ ಅಂದ್ರೆ ಒಂದೇ ಥರ ಅಲ್ಲ. ಒಂದೇ ಮನೆಯಲ್ಲಿ ಅಜ್ಜಿಗೆ ಮೊಟ್ಟೆ ಹಾಕಿದ ಕೇಕ್ ಕೂಡ ಆಗುವುದಿಲ್ಲ, ಮೊಮ್ಮಗನಿಗೆ ಮೊಟ್ಟೆ ಅಡ್ಡಿಯಿಲ್ಲ. ಮೂಡುಬಿದಿರೆ, ಕಾರ್ಕಳ ಕಡೆಯ ಜೈನರ ಮನೆಗೆ ಜೇನು ಆಗುವುದಿಲ್ಲ. ವರ್ಷ ಇಡೀ ಮೀನು ತಿನ್ನುವ ಮನೆಯಲ್ಲೂ ಶನಿವಾರ, ತುಳು ಪಂಚಾಂಗದ ಸೋಣ ತಿಂಗಳು, ನವರಾತ್ರಿ ಅಂತ ಬಿಡುವವರು ಇದ್ದಾರೆ. ಹಾಲೂ ಬೇಡ ಅನ್ನುವ ಹುಡುಗ ಹುಡುಗಿಯರು ಈಗ ಪ್ರತಿ ಬೀದಿಯಲ್ಲಿ ಸಿಗ್ತಾರೆ.

ಹಾಳೆಯಲ್ಲಿ ಇಷ್ಟು ಬರೀರಿ: ಮೊಟ್ಟೆ, ಹಾಲು, ಜೇನು, ಹುಳದಿಂದ ಬರುವ ಬಣ್ಣ ಮತ್ತು ಅರಗು, ಮೀನಿನ ಎಣ್ಣೆ, ಕ್ಯಾಪ್ಸೂಲ್, ಮತ್ತೆ ಕೊನೆಗೆ ‘ಒಂದೇ ಎಣ್ಣೆಯಲ್ಲಿ ಕರಿದದ್ದು’. ಪ್ರತಿಯೊಂದರ ಎದುರಿಗೆ ಮನೆಯವರೆಲ್ಲರ ಹೆಸರು ಹಾಕಿ ಆಗ್ತದೆ, ಆಗುವುದಿಲ್ಲ ಅಂತ ಗುರುತು ಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಯಾರ ಗೆರೆ ಸರಿ ಅಂತ ಜಗಳ ಬೇಡ, ಅಂಗಡಿಗೆ ಹೋಗುವವರಿಗೆ ಗೊತ್ತಿದ್ರೆ ಆಯ್ತು.

ಹಂತ 2: ಪ್ಯಾಕೆಟ್ ಎದುರಿನ ಗುರುತು

ಹಸಿರು ಚೌಕದ ಒಳಗೆ ಹಸಿರು ವೃತ್ತ ಇದ್ರೆ ವೆಜ್. ನಾನ್‌ವೆಜ್‌ಗೆ ಮೊದಲು ಕಂದು ಚೌಕದ ಒಳಗೆ ಕಂದು ವೃತ್ತ ಇತ್ತು, ಆಹಾರ ಸುರಕ್ಷತೆ ನೋಡ್ಕೊಳ್ಳುವ ಕೇಂದ್ರ ಸಂಸ್ಥೆ ಎಫ್ಎಸ್ಎಸ್ಎಐಯ 2020ರ ಲೇಬಲ್ ನಿಯಮದಲ್ಲಿ ಅದನ್ನ ಕಂದು ತ್ರಿಕೋನ ಮಾಡಿದ್ರು, ಬಣ್ಣ ಸರಿಯಾಗಿ ಗುರುತಿಸ್ಲಿಕ್ಕೆ ಆಗದವರಿಗೂ ಆಕಾರ ನೋಡಿ ಗೊತ್ತಾಗ್ಲಿ ಅಂತ. ಹಾಗಾಗಿ ಬಣ್ಣದ ಜೊತೆ ಆಕಾರವನ್ನೂ ನೋಡಿ, ಮಂದ ಬೆಳಕಿನ ಅಂಗಡಿಯಲ್ಲಿ ಕಡು ಹಸಿರೂ ಕಂದೂ ಒಂದೇ ಥರ ಕಾಣ್ತದೆ. ವೀಗನ್‌ಗೆ, ಅಂದ್ರೆ ಹಾಲು ಜೇನು ಸಹ ಪ್ರಾಣಿಯದ್ದು ಏನೂ ಇಲ್ಲದ್ದಕ್ಕೆ, ಬೇರೆಯೇ ಗುರುತು: ಚೌಕದ ಒಳಗೆ ಇಂಗ್ಲಿಷಿನ ವಿ ಅಕ್ಷರ, ಅದಕ್ಕೊಂದು ಎಲೆ. ಅದು 2022ರ ನಿಯಮದಿಂದ ಬಂದದ್ದು.

ಈಗ ಮುಖ್ಯ ವಿಷಯ. ನಿಯಮದ ಪ್ರಕಾರ ಪ್ರಾಣಿ, ಹಕ್ಕಿ, ಮೀನು, ಮೊಟ್ಟೆ ಮತ್ತು ಪ್ರಾಣಿ ಮೂಲದ ಯಾವುದೇ ಪದಾರ್ಥ ಇದ್ದರೂ ನಾನ್‌ವೆಜ್ ಗುರುತು ಹಾಕ್ಲೇಬೇಕು, ಆದ್ರೆ ಹಾಲು, ಹಾಲಿನ ಪದಾರ್ಥ, ಜೇನು, ಜೇನುಮೇಣ, ಅರಗು ಇವಕ್ಕೆ ವಿನಾಯಿತಿ ಉಂಟು. ಅಂದ್ರೆ ಅರಗಿನ ಹುಳದಿಂದ ಬಂದ ಹೊಳಪು ಹಚ್ಚಿದ ಮಿಠಾಯಿಗೂ ಹಸಿರು ಚುಕ್ಕಿ ಹಾಕ್ಬಹುದು, ಅದು ಕಾನೂನು ಪ್ರಕಾರ ತಪ್ಪಲ್ಲ. ನಿಮ್ಮ ಹಾಳೆಯಲ್ಲಿ ಅರಗು ಆಗುವುದಿಲ್ಲ ಅಂತ ಇದ್ರೆ ಚುಕ್ಕಿ ನೋಡಿ ನಿಲ್ಲಿಸ್ಬೇಡಿ, ಹಂತ 4ಕ್ಕೆ ಹೋಗ್ಲೇಬೇಕು.

ಗುರುತೇ ಇಲ್ಲ ಅಂತ ಗಾಬರಿ ಆಗುವವರಿಗೆ: ಹಾಲು, ಹಾಲಿನ ಪುಡಿ, ಜೇನು, ಕುಡಿಯುವ ನೀರು, ಸೋಡಾ ಥರದ ಪಾನೀಯ, ಮದ್ಯ ಇವಕ್ಕೆ ಗುರುತು ಕಡ್ಡಾಯ ಅಲ್ಲ. ಬೇರೆ ಪ್ಯಾಕೆಟಿನಲ್ಲಿ ಇಲ್ಲ ಅಂದ್ರೆ ಮಾತ್ರ ಸಂಶಯ ಪಡಿ.

ಮೊಟ್ಟೆ ತಿನ್ನುವವರಿಗೆ ಒಂದು ಅನುಕೂಲ ಉಂಟು. ಮೊಟ್ಟೆ ಒಂದೇ ಕಾರಣಕ್ಕೆ ನಾನ್‌ವೆಜ್ ಆಗಿದ್ರೆ ಕಂಪೆನಿಯವರು ಗುರುತಿನ ಜೊತೆ ಅದನ್ನ ಬರೀಬಹುದು. ಆ ಸಾಲು ಹುಡುಕಿ, ಅದಿಲ್ಲದೆ ಬರಿ ತ್ರಿಕೋನ ಇದ್ರೆ ಮೊಟ್ಟೆ ಮಾತ್ರ ಇರಬಹುದು ಅಂತ ಊಹೆ ಮಾಡ್ಬೇಡಿ.

ಎಚ್ಚರಿಕೆಯ ಗುರುತುಗಳು: ಮೂಲ ಮುದ್ರಣದ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿ ಹಸಿರು ಚುಕ್ಕಿ ತೋರಿಸಿದ್ದು (ಹೊರದೇಶದ ಮಾಲಿಗೆ ಸ್ಟಿಕ್ಕರ್ ಹಾಕುವ ಕ್ರಮ ಉಂಟು, ಇಲ್ಲೇ ತಯಾರಾದ್ದಕ್ಕೆ ಯಾಕೆ ಬೇಕು ಅಂತ ಕೇಳಿ), ಹಸಿರು ಎಲೆಯ ಚಿತ್ರ ಮಾತ್ರ ಇದ್ದು ಚೌಕ ಇಲ್ಲದ್ದು, ‘ಶುದ್ಧ ಸಸ್ಯಾಹಾರಿ’ ಅಂತ ದೊಡ್ಡ ಅಕ್ಷರ ಇದ್ದು ಗುರುತು ಇಲ್ಲದ್ದು, 14 ಅಂಕಿಯ ಎಫ್ಎಸ್ಎಸ್ಎಐ ನಂಬರ್ ಇಲ್ಲದ್ದು.

ಹಂತ 3: ಪದಾರ್ಥಗಳ ಪಟ್ಟಿ ಮೇಲಿಂದ ಕೆಳಗೆ ಓದಿ

ಪಟ್ಟಿಯಲ್ಲಿ ಜಾಸ್ತಿ ತೂಕದ್ದು ಮೊದಲು, ಕಡಿಮೆಯದ್ದು ಕೊನೆಗೆ ಬರ್ತದೆ. ಸಸ್ಯಾಹಾರಿಗೆ ಬೇಡದ್ದು ಹೆಚ್ಚಾಗಿ ಕೊನೆಯ ಎರಡು ಸಾಲಿನಲ್ಲೇ ಅಡಗಿರ್ತದೆ, ಯಾಕಂದ್ರೆ ಬಣ್ಣ, ಹೊಳಪು, ಗಟ್ಟಿ ಮಾಡುವ ಪುಡಿ ಎಲ್ಲ ಸ್ವಲ್ಪ ಸ್ವಲ್ಪವೇ ಬೇಕಾಗೋದು.

ಅದರ ಕೆಳಗೆ ಅಲರ್ಜಿಯ ಸಾಲು ಇರ್ತದೆ. ಹಾಲು, ಮೊಟ್ಟೆ, ಮೀನು, ಸಿಗಡಿ ಏಡಿ ಜಾತಿಯದ್ದು ಇದ್ರೆ ಅಲ್ಲಿ ಹೇಳ್ಲೇಬೇಕು. ಈ ಸಾಲನ್ನ ಅಲರ್ಜಿ ಇರುವವರು ಮಾತ್ರ ಓದೋದು ಅಂತ ಬಿಟ್ಟುಬಿಡ್ತಾರೆ, ಆದ್ರೆ ನಮಗೆ ಬಹಳ ಬೇಗ ಉತ್ತರ ಕೊಡುವ ಸಾಲು ಇದೇ. ‘ಮೊಟ್ಟೆ ಇದೆ’ ಅಂದ್ರೆ ಒಳಗೆ ಹಾಕಿದ್ದಾರೆ. ‘ಮೊಟ್ಟೆ ಇರಬಹುದು’ ಅಂದ್ರೆ ಹಾಕ್ಲಿಲ್ಲ, ಆದ್ರೆ ಅದೇ ಯಂತ್ರದಲ್ಲಿ ಮೊಟ್ಟೆಯದ್ದೂ ತಯಾರಾಗ್ತದೆ, ಸೋಂಕಿದ್ರೂ ಸೋಂಕಿರಬಹುದು ಅಂತ. ಎರಡನೆಯದ್ದು ಹಸಿರು ಚುಕ್ಕಿಯ ಪ್ಯಾಕೆಟಲ್ಲೂ ಕಾಣ್ಬಹುದು. ಅದು ಮೋಸ ಅಲ್ಲ, ಒಂದೇ ಎಣ್ಣೆಯಲ್ಲಿ ಕರಿದದ್ದು ಆಗುವುದಿಲ್ಲ ಅನ್ನುವವರು ಮಾತ್ರ ಬಿಡ್ಬೇಕಾದ್ದು.

ಸಣ್ಣ ಟಾಫಿ, ಚ್ಯೂಯಿಂಗ್ ಗಮ್ ಥರದ್ದರಲ್ಲಿ ಪಟ್ಟಿ ಹಾಕ್ಲಿಕ್ಕೆ ಜಾಗ ಇರುವುದಿಲ್ಲ, 100 ಚದರ ಸೆಂಟಿಮೀಟರಿಗಿಂತ ಸಣ್ಣ ಹೊದಿಕೆಗೆ ವಿನಾಯಿತಿ ಉಂಟು. ಪಟ್ಟಿ ದೊಡ್ಡ ಪ್ಯಾಕ್ ಅಥವಾ ಬಾಟ್ಲಿಯ ಮೇಲೆ ಇರ್ತದೆ. ಅಂಗಡಿಯವರ ಹತ್ರ ಬಾಟ್ಲಿ ತಿರುಗಿಸಿ ತೋರಿಸ್ಲಿಕ್ಕೆ ಹೇಳಿ.

ಹಂತ 4: ನಂಬರ್‌ಗಳನ್ನ ಮೂರು ಗುಂಪು ಮಾಡಿ

ಬಣ್ಣ, ಹೊಳಪು, ರುಚಿಗೆ ಅಂತ ಸೇರಿಸುವ ಪದಾರ್ಥಗಳಿಗೆ ಪಟ್ಟಿಯಲ್ಲಿ ಹೆಸರಿನ ಬದಲು ಕೋಡ್ ನಂಬರ್ ಹಾಕ್ತಾರೆ. ಇ ನಂಬರ್, ಐಎನ್ಎಸ್ ನಂಬರ್ ಅಂತ ಬರೆದದ್ದು ಬಹುತೇಕ ಒಂದೇ ಲೆಕ್ಕ. ವಾಟ್ಸಾಪ್ ಪಟ್ಟಿಯ ತಪ್ಪು ಎಂತ ಅಂದ್ರೆ ಎಲ್ಲ ನಂಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಎಲ್ಲದಕ್ಕೂ ಹಂದಿ ಕೊಬ್ಬು ಅಂತ ಬರೀತಾರೆ. ಹಾಗಲ್ಲ.

ಮೊದಲ ಗುಂಪು, ಖಂಡಿತ ಪ್ರಾಣಿಯದ್ದು. 120 ಅಂದ್ರೆ ಕಾರ್ಮೈನ್, ಕೊಚಿನೀಲ್ ಅನ್ನುವ ಪುಟ್ಟ ಹುಳವನ್ನ ಒಣಗಿಸಿ ತೆಗೆಯುವ ಕೆಂಪು ಬಣ್ಣ. 428 ಅಥವಾ ಹಳೆ ಪಟ್ಟಿಯ 441 ಅಂದ್ರೆ ಜೆಲಟಿನ್, ಪ್ರಾಣಿಯ ಚರ್ಮ ಮೂಳೆ ಬೇಯಿಸಿ ತೆಗೆದದ್ದು, ಮಾರ್ಶ್‌ಮೆಲ್ಲೋ ಮತ್ತು ಜಗಿಯುವ ಗಮ್ಮಿಗಳಲ್ಲಿ ಹೆಚ್ಚು. 542 ಮೂಳೆಯ ಫಾಸ್ಫೇಟ್. 1105 ಲೈಸೋಜೈಮ್, ಮೊಟ್ಟೆಯ ಬಿಳಿಯಿಂದ ತೆಗೆಯುವಂಥದ್ದು, ಹೊರದೇಶದ ಕೆಲವು ಚೀಸ್‌ನಲ್ಲಿ ಬರ್ತದೆ. ಹಸಿರು ಚುಕ್ಕಿ ಇರುವ ಪ್ಯಾಕೆಟಿನಲ್ಲಿ ಇವು ಇರ್ಲೇಬಾರದು, ಇದ್ರೆ ಫೋಟೋ ತೆಗೆದು ನೇರ ಹಂತ 9ಕ್ಕೆ ಹೋಗಿ.

ಎರಡನೇ ಗುಂಪು, ಪ್ರಾಣಿಯದ್ದೇ ಆದ್ರೂ ಹಸಿರು ಚುಕ್ಕಿಯೊಳಗೆ ಬಿಟ್ಟದ್ದು. 901 ಜೇನುಮೇಣ, 904 ಅರಗು. ಹೊಳೆಯುವ ಮಿಠಾಯಿ, ಬಣ್ಣದ ಗುಂಡು ಚಾಕಲೇಟು, ಮೇಣ ಹಚ್ಚಿದ ಹೊರದೇಶದ ಸೇಬು ಇಲ್ಲೆಲ್ಲ ನೋಡಿ. 903 ಕಾರ್ನೌಬಾ ಮೇಣ ಕೂಡ ಇವುಗಳ ಜೊತೆಗೇ ಕಾಣ್ತದೆ, ಅದು ತಾಳೆ ಜಾತಿಯ ಮರದ ಎಲೆಯದ್ದು, ಅದಕ್ಕೆ ಹೆದರ್ಬೇಡಿ.

ಮೂರನೇ ಗುಂಪಿನಲ್ಲೇ ಜನ ಸಿಕ್ಕಿ ಬೀಳೋದು. ಇವು ಗಿಡದಿಂದಲೂ ಬರ್ತದೆ, ಪ್ರಾಣಿಯಿಂದಲೂ ಬರ್ತದೆ, ನಂಬರ್ ನೋಡಿ ಯಾವುದು ಅಂತ ಹೇಳ್ಲಿಕ್ಕೆ ಸಾಧ್ಯವೇ ಇಲ್ಲ. 471 ಮೋನೋ ಡೈಗ್ಲಿಸರೈಡ್, ಬ್ರೆಡ್ಡು, ಐಸ್‌ಕ್ರೀಂ, ಕೇಕ್ ಜೆಲ್ ಎಲ್ಲದರಲ್ಲೂ ಇರ್ತದೆ, ತಾಳೆ ಎಣ್ಣೆಯಿಂದಲೂ ಮಾಡ್ತಾರೆ, ಪ್ರಾಣಿ ಕೊಬ್ಬಿನಿಂದಲೂ ಮಾಡ್ಬಹುದು. 322 ಲೆಸಿತಿನ್, ಸೋಯಾದ್ದೂ ಉಂಟು, ಮೊಟ್ಟೆಯದ್ದೂ ಉಂಟು. 627, 631, 635 ಚಿಪ್ಸ್ ಮತ್ತು ನೂಡಲ್ಸ್ ಮಸಾಲೆಯ ರುಚಿ ಹೆಚ್ಚಿಸುವಂಥದ್ದು, 631ನ್ನ ಮೀನು ಮಾಂಸದಿಂದಲೂ ಮಾಡ್ಬಹುದು, ಮರಗೆಣಸಿನ ಪಿಷ್ಟ ಹುದುಗಿಸಿಯೂ ಮಾಡ್ಬಹುದು. 920 ಎಲ್ ಸಿಸ್ಟೀನ್, ಬ್ರೆಡ್ಡಿನ ಹಿಟ್ಟು ಮೆತ್ತಗೆ ಮಾಡ್ಲಿಕ್ಕೆ, ಹಕ್ಕಿಯ ಗರಿಯಿಂದ ತೆಗೆದದ್ದೂ ಉಂಟು, ಹುದುಗಿಸಿ ಮಾಡಿದ್ದೂ ಉಂಟು.

ಇದಕ್ಕೆ ನಾನು ಪಾಲಿಸುವ ನಿಯಮ ಹೀಗೆ. ಇಂಡಿಯಾದಲ್ಲಿ ತಯಾರಾಗಿ ಹಸಿರು ಚುಕ್ಕಿ ಇದ್ರೆ ಮೂರನೇ ಗುಂಪಿನ ನಂಬರ್ ಸಸ್ಯದ್ದೇ ಅಂತ ಕಂಪೆನಿ ಜವಾಬ್ದಾರಿ ತಗೊಂಡ ಹಾಗೆ, ಪ್ರಾಣಿ ಮೂಲದ್ದು ಒಂದು ಚಿಟಿಕೆ ಹಾಕಿದ್ರೂ ಆ ಚುಕ್ಕಿ ಸುಳ್ಳಾಗ್ತದೆ. ದಿಲ್ಲಿ ಹೈಕೋರ್ಟ್ 2021ರ ಡಿಸೆಂಬರಿನಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತ್ತು, ಬರಿ ಕೋಡ್ ನಂಬರ್ ಹಾಕಿದ್ರೆ ಸಾಲದು, ಗಿಡದ್ದಾ ಪ್ರಾಣಿಯದ್ದಾ ಲ್ಯಾಬಿನಲ್ಲಿ ಮಾಡಿದ್ದಾ ಅಂತ ತಿಳಿಸ್ಬೇಕು, ಪ್ರಮಾಣ ಎಷ್ಟೇ ಸಣ್ಣದಿದ್ರೂ ಅಂತ. ಆದ್ರೆ ಹಸಿರು ಚುಕ್ಕಿ ಇಲ್ಲದ ಹೊರದೇಶದ ಪ್ಯಾಕೆಟಿನಲ್ಲಿ ಅದೇ 471 ಕಂಡ್ರೆ ಗೊತ್ತಿಲ್ಲ ಅಂತಲೇ ಲೆಕ್ಕ.

ಜೆಲ್ಲಿ ಬೇಕು ಅಂತ ಮಕ್ಕಳು ಹಠ ಮಾಡಿದ್ರೆ 406 ಅಂದ್ರೆ ಚೈನಾ ಗ್ರಾಸ್, 407 ಕ್ಯಾರಗೀನನ್, 440 ಪೆಕ್ಟಿನ್ ಇರುವಂಥದ್ದು ಹುಡುಕಿ. ಮೊದಲಿನೆರಡು ಕಡಲಪಾಚಿಯದ್ದು, ಮೂರನೆಯದು ಹಣ್ಣಿನದ್ದು.

ಹಂತ 5: ಗಲ್ಫಿಂದ ಬಂದ ಡಬ್ಬಗಳಿಗೆ ಬೇರೆ ಕ್ರಮ

ನಮ್ಮ ಕಡೆ ಪ್ರತಿ ಎರಡನೇ ಮನೆಗೆ ದುಬೈ, ಮಸ್ಕತ್, ಕುವೈಟಿಂದ ಒಂದು ಪೆಟ್ಟಿಗೆ ಬರ್ತದೆ, ಅದರಲ್ಲಿ ಚಾಕಲೇಟು, ಗಮ್ಮಿ, ಚೀಸ್, ಸೂಪ್ ಪೌಡರ್ ಎಲ್ಲ ಇರ್ತದೆ, ಪ್ರೀತಿಯಿಂದ ತಂದದ್ದು, ಬೇಡ ಅನ್ನಲಿಕ್ಕೂ ಮನಸ್ಸು ಬರುವುದಿಲ್ಲ. ಅಲ್ಲಿನ ಪ್ಯಾಕೆಟಿಗೆ ನಮ್ಮ ಚುಕ್ಕಿಯ ನಿಯಮ ಇಲ್ಲ. ಚುಕ್ಕಿ ಇಲ್ಲ ಅಂದ್ರೆ ನಾನ್‌ವೆಜ್ ಅಂತಲೂ ಅಲ್ಲ, ವೆಜ್ ಅಂತಲೂ ಅಲ್ಲ.

ಇಲ್ಲಿ ಆಗುವ ದೊಡ್ಡ ತಪ್ಪು ಹಲಾಲ್ ಗುರುತು ನೋಡಿ ಇದರಲ್ಲಿ ಬೇಡದ್ದು ಏನೂ ಇಲ್ಲ ಅಂದುಕೊಳ್ಳೋದು. ಹಂದಿಯದ್ದು ಇಲ್ಲ, ಪ್ರಾಣಿಯನ್ನ ಧರ್ಮದ ವಿಧಿ ಪ್ರಕಾರ ಕೊಯ್ದದ್ದು ಅಂತ ಅದು ಹೇಳ್ತದೆ ಹೊರತು ಪ್ರಾಣಿಯೇ ಇಲ್ಲ ಅಂತ ಅಲ್ಲ. ಹಲಾಲ್ ಜೆಲಟಿನ್ ದನದ್ದೋ ಮೀನಿನದ್ದೋ ಇರಬಹುದು.

ಎರಡನೇ ತಪ್ಪು, ಇದೇ ಹೆಸರಿನ ಚಾಕಲೇಟು ಮಂಗಳೂರಿನ ಹಂಪನಕಟ್ಟೆಯಲ್ಲಿ ಹಸಿರು ಚುಕ್ಕಿ ಹಾಕಿ ಸಿಗ್ತದೆ, ಹಾಗಾಗಿ ಇದೂ ಆಗ್ತದೆ ಅನ್ನೋದು. ಒಂದೇ ಬ್ರ್ಯಾಂಡ್ ಬೇರೆ ಬೇರೆ ದೇಶಕ್ಕೆ ಬೇರೆ ಬೇರೆ ಪಾಕ ಮಾಡ್ತದೆ.

ಹಾಗಾಗಿ ಹೀಗೆ ಮಾಡಿ. ಇಂಗ್ಲಿಷ್ ಪಟ್ಟಿ ಇದ್ರೆ ಓದಿ, ಅರಬ್ಬಿ ಮಾತ್ರ ಇದ್ರೆ ಗೂಗಲ್ ಲೆನ್ಸ್‌ನಲ್ಲಿ ಓದಿಸಿ. ಗಮ್ಮಿ, ಮಾರ್ಶ್‌ಮೆಲ್ಲೋದಲ್ಲಿ ಜೆಲಟಿನ್ ಶಬ್ದ ಹುಡುಕಿ. ಸೂಪ್ ಮತ್ತು ನೂಡಲ್ಸಿನ ಮಸಾಲೆಯಲ್ಲಿ ಕೋಳಿ ಕೊಬ್ಬು, ಒಣ ಸಿಗಡಿ ಹುಡುಕಿ. ಚೀಸ್‌ನಲ್ಲಿ ರೆನೆಟ್ ನೋಡಿ: ಹಾಲು ಒಡೆಯಲಿಕ್ಕೆ ಹಾಕುವ ರೆನೆಟ್ ಹಳೆ ಪದ್ಧತಿಯಲ್ಲಿ ಎಳೆ ಕರುವಿನ ಹೊಟ್ಟೆಯಿಂದ ತೆಗೆಯೋದು, ಇಟಲಿಯ ಪಾರ್ಮಿಜಾನೋ ರೆಜಿಯಾನೋ ಅನ್ನುವ ಹೆಸರಿನ ಚೀಸ್‌ಗೆ ಈಗಲೂ ಅದನ್ನೇ ಹಾಕ್ಬೇಕು ಅಂತ ನಿಯಮ. ಮೈಕ್ರೋಬಿಯಲ್ ರೆನೆಟ್ ಅಂತ ಇದ್ರೆ ಪ್ರಾಣಿಯದ್ದಲ್ಲ. ಥಾಯ್ ಮಸಾಲೆ ಪೇಸ್ಟಿನಲ್ಲಿ ಸಿಗಡಿ, ವೂಸ್ಟರ್‌ಶೈರ್ ಸಾಸ್‌ನಲ್ಲಿ ಆಂಚೋವಿ ಮೀನು ಸಾಮಾನ್ಯ, ಹೆಸರಿನಲ್ಲಿ ಮೀನು ಇರುವುದಿಲ್ಲ. ಅನುಮಾನ ಉಳಿದ್ರೆ ತಿನ್ನುವವರ ಮನೆಗೆ ಕೊಡಿ, ಹಾಳು ಮಾಡ್ಬೇಡಿ.

ಹಂತ 6: ಪ್ಯಾಕೆಟೇ ಇಲ್ಲದ ತಿಂಡಿ

‘ಇದು ವೆಜ್ಜಾ?’ ಅಂತ ಕೇಳಿದ್ರೆ ಎಲ್ಲ ಕಡೆ ‘ಹೌದು ವೆಜ್’ ಅಂತಲೇ ಬರ್ತದೆ. ಅವರು ಸುಳ್ಳು ಹೇಳ್ಲಿಲ್ಲ, ಅವರ ಗೆರೆ ಬೇರೆ ಅಷ್ಟೆ. ಹಾಗಾಗಿ ಪ್ರಶ್ನೆ ಸಣ್ಣ ಮಾಡಿ, ವಸ್ತುವಿನ ಹೆಸರು ಹಿಡಿದು ಕೇಳಿ.

ಬೇಕರಿಯಲ್ಲಿ: ‘ಅಣ್ಣ, ಪಫ್ಸ್ ಮೇಲೆ ಮೊಟ್ಟೆ ಹಚ್ತೀರಾ?’ ವೆಜ್ ಪಫ್ಸ್ ಒಳಗೆ ಬಟಾಟೆ ಮಾತ್ರ ಇದ್ರೂ ಮೇಲಿನ ಕೆಂಪು ಹೊಳಪಿಗೆ ಮೊಟ್ಟೆ ಹಚ್ಚುವ ಪದ್ಧತಿ ಉಂಟು, ಬನ್ನಿಗೂ ಹಾಗೆ. ಎಗ್‌ಲೆಸ್ ಕೇಕ್ ಅಂದ್ರೆ ಟ್ರೇ, ಬೀಟರ್ ಬೇರೆಯಾ ಅಂತ ಕೇಳಿ. ಕೇಕ್ ಜೆಲ್ ಡಬ್ಬ ತೋರಿಸಿ ಅಂದ್ರೆ ಒಳ್ಳೆ ಬೇಕರಿಯವರು ತೋರಿಸ್ತಾರೆ, ಡಬ್ಬದ ಮೇಲೆ ಚುಕ್ಕಿ ಇರ್ತದೆ.

ಐಸ್‌ಕ್ರೀಂ ಪಾರ್ಲರಿನಲ್ಲಿ ಗಡ್‌ಬಡ್ (ಉದ್ದ ಗ್ಲಾಸಿನಲ್ಲಿ ಜೆಲ್ಲಿ, ಹಣ್ಣು, ಐಸ್‌ಕ್ರೀಂ ಹಾಕಿದ್ದು) ತಿನ್ನದವರು ನಮ್ಮೂರಲ್ಲಿ ಯಾರಿದ್ದಾರೆ. ಐಸ್‌ಕ್ರೀಂ ಹಸಿರು ಚುಕ್ಕಿಯದ್ದೇ ಇರಬಹುದು, ಕೇಳ್ಬೇಕಾದ್ದು ಗ್ಲಾಸಿನ ಅಡಿಯಲ್ಲಿರುವ ಜೆಲ್ಲಿಯನ್ನ. ಅದು ಜೆಲಟಿನ್ ಪುಡಿಯದ್ದಾ, ಚೈನಾ ಗ್ರಾಸ್ ಥರದ್ದಾ ಅಂತ ಕೇಳಿ, ಜೆಲ್ಲಿ ಪುಡಿಯ ಪ್ಯಾಕೆಟಿನ ಗುರುತು ನೋಡಿದ್ರೆ ಒಂದು ನಿಮಿಷದ ಕೆಲಸ.

ಮೀನೂ ಸಿಗುವ ಹೋಟೆಲಿನಲ್ಲಿ ನೀರುದೋಸೆ ಹುಯ್ಯುವ ಕಾವಲಿ ಮತ್ತು ಬಂಗುಡೆ ತವಾ ಫ್ರೈ ಮಾಡುವ ಕಾವಲಿ ಬೇರೆಯಾ ಕೇಳಿ. ಗೋಬಿ ಮಂಚೂರಿ ಗಾಡಿಯಲ್ಲಿ ಕಬಾಬ್ ಕರಿಯುವ ಎಣ್ಣೆ ಬೇರೆಯಾ, ಸಾಸ್ ಯಾವುದು ಅಂತ ಕೇಳಿ, ಆಯ್‌ಸ್ಟರ್ ಸಾಸ್ ಚಿಪ್ಪಿನ ಜೀವಿಯದ್ದು. ಗಂಜಿ ಊಟಕ್ಕೆ ಬರುವ ಕೆಂಪು ಚಟ್ನಿಯಲ್ಲಿ ಒಣ ಸಿಗಡಿ ಇರಬಹುದು, ಬಡಿಸುವ ಮೊದಲೇ ಕೇಳಿ, ಬಡಿಸಿದ ಮೇಲೆ ಕೇಳಿದ್ರೆ ಅನ್ನ ದಂಡ. ಇಲ್ಲಿ ಎಚ್ಚರಿಕೆಯ ಗುರುತು ಒಂದೇ: ಅಡುಗೆಮನೆಯವರನ್ನ ಕೇಳದೆ ಕೌಂಟರಿನಲ್ಲಿ ಕೂತವರು ತಕ್ಷಣ ಉತ್ತರ ಕೊಟ್ರೆ ಅದು ಉತ್ತರ ಅಲ್ಲ, ಒಳಗೆ ಹೋಗಿ ಕೇಳಿ ಬರ್ಲಿಕ್ಕೆ ಹೇಳಿ.

ಬೆಳ್ಳಿ ವರ್ಖ್ ಹಾಕಿದ ಕಾಜು ಬರ್ಫಿ ತಗೊಳ್ಳುವಾಗಲೂ ಕೇಳಿ. ಹಳೆ ಪದ್ಧತಿಯಲ್ಲಿ ಬೆಳ್ಳಿಯನ್ನ ಪ್ರಾಣಿಯ ಕರುಳು, ಚರ್ಮದ ಹಾಳೆಗಳ ಮಧ್ಯೆ ಇಟ್ಟು ಬಡಿದು ತೆಳ್ಳಗೆ ಮಾಡೋದು. ಮೆಷಿನ್ ವರ್ಖ್ ಈಗ ಸಿಗ್ತದೆ. ಗೊತ್ತಿಲ್ಲ ಅಂದ್ರೆ ವರ್ಖ್ ಇಲ್ಲದ್ದನ್ನ ಕೊಡಿ ಅನ್ನಿ, ರುಚಿಗೆ ಏನೂ ಕಡಿಮೆ ಆಗುವುದಿಲ್ಲ.

ಸಕ್ಕರೆಗೆ ಮೂಳೆಯ ಇದ್ದಿಲು ಹಾಕ್ತಾರಾ ಅಂತ ಕೇಳುವವರಿಗೆ: ಅದು ಕೆಲವು ಹೊರದೇಶದ ಕಾರ್ಖಾನೆಗಳ ಕ್ರಮ, ನಮ್ಮಲ್ಲಿ ಸಾಮಾನ್ಯವಾಗಿ ಗಂಧಕದ ಹೊಗೆಯಿಂದ ಬಿಳಿ ಮಾಡೋದು.

ಹಂತ 7: ಮಾತ್ರೆ, ಕ್ಯಾಪ್ಸೂಲ್

ಔಷಧಿಗೆ ಚುಕ್ಕಿಯ ನಿಯಮ ಇಲ್ಲ. ಕ್ಯಾಪ್ಸೂಲಿನ ಹೊರಗಿನ ಚಿಪ್ಪು ಸಾಮಾನ್ಯವಾಗಿ ಜೆಲಟಿನ್, ಹೆಚ್‌ಪಿಎಂಸಿ ಅಂತ ಇದ್ರೆ ಸಸ್ಯದ್ದು. ವಿಟಮಿನ್ ಡಿ3 ಹೆಚ್ಚಾಗಿ ಕುರಿ ಉಣ್ಣೆಯ ಜಿಡ್ಡಿನಿಂದ ಬರ್ತದೆ, ಕಲ್ಲುಹೂವಿನದ್ದೂ ಸಿಗ್ತದೆ. ಒಮೇಗಾ 3 ಮೀನಿನೆಣ್ಣೆಯದ್ದಾ, ಪಾಚಿಯದ್ದಾ ನೋಡಿ. ಆದ್ರೆ ದಯವಿಟ್ಟು, ಡಾಕ್ಟ್ರು ಬರೆದ ಔಷಧಿಯನ್ನ ಇದೊಂದು ಕಾರಣಕ್ಕೆ ನೀವಾಗಿ ನಿಲ್ಲಿಸ್ಬೇಡಿ, ಕ್ಯಾಪ್ಸೂಲ್ ಬಿಚ್ಚಿ ಪುಡಿ ಮಾತ್ರ ತಗೊಳ್ಳಲೂ ಬೇಡಿ. ಮಾತ್ರೆ ಅಥವಾ ಸಿರಪ್ ರೂಪದಲ್ಲಿ ಅದೇ ಔಷಧಿ ಉಂಟಾ ಅಂತ ಅವರನ್ನೇ ಕೇಳಿ.

ಹಂತ 8: ಎರಡನೇ ಪ್ರಶ್ನೆ, ಪ್ರಾಣಿಯನ್ನ ಹೇಗೆ ನೋಡ್ಕೊಂಡ್ರು

ಇಲ್ಲಿವರೆಗೆ ಬಂದ್ರೆ ಒಳಗೆ ಎಂತ ಉಂಟು ಅಂತ ಗೊತ್ತಾಯ್ತು. ಈಗಿನದ್ದು ಕಷ್ಟದ ಭಾಗ, ನನಗೆ ಅತಿ ಮುಖ್ಯ ಅನಿಸುವ ಭಾಗವೂ ಇದೇ. ಮಾಂಸ ಬಿಟ್ಟವರು ಹಾಲು, ತುಪ್ಪ, ಮೊಸರು ಜಾಸ್ತಿ ತಿಂತೇವೆ, ಹಾಗಾದ್ರೆ ಹಸುವಿನ ಬಗ್ಗೆ ಕೇಳುವ ಜವಾಬ್ದಾರಿ ನಮಗೆ ಇನ್ನೂ ಹೆಚ್ಚು.

ಮೊದಲು, ಯಾವ ಮಾತು ಇದಕ್ಕೆ ಉತ್ತರ ಅಲ್ಲ ಅಂತ ತಿಳ್ಕೊಳ್ಳಿ. ಎ2 ಅನ್ನೋದು ಹಾಲಿನ ಒಂದು ಪ್ರೋಟೀನಿನ ವಿಷಯ, ಹಸು ಹೇಗೆ ಬದುಕ್ತು ಅಂತ ಅಲ್ಲ. 2024ರ ಆಗಸ್ಟಿನಲ್ಲಿ ಎಫ್ಎಸ್ಎಸ್ಎಐ ಎ1, ಎ2 ಅಂತ ಬರೆಯೋದನ್ನ ತೆಗೀರಿ ಅಂತ ಹೇಳಿ ಕೆಲವೇ ದಿನದಲ್ಲಿ ಆ ಸೂಚನೆಯನ್ನ ವಾಪಸ್ ತಗೊಂಡಿತು, ಹಾಗಾಗಿ ಆ ಬರಹ ಈಗಲೂ ಕಾಣ್ತದೆ. ಫಾರ್ಮ್ ಫ್ರೆಶ್, ದೇಸಿ, ಬಿಲೋನಾ (ಮೊಸರು ಕಡೆದು ತೆಗೆದ ತುಪ್ಪ) ಇವು ಯಾವುದೂ ಕರುವಿನ ಗತಿ ಹೇಳುವುದಿಲ್ಲ. ವೀಗನ್ ಗುರುತು ಮಾತ್ರ ಪ್ರಾಣಿ ಮೂಲದ್ದು ಏನೂ ಇಲ್ಲ ಅಂತ ಹೇಳ್ತದೆ, ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿರ್ಬಾರದು ಅಂತಲೂ ಆ ನಿಯಮದಲ್ಲಿ ಉಂಟು.

ಹಾಲು: ನಮ್ಮ ಎರಡೂ ಜಿಲ್ಲೆಯ ಪ್ಯಾಕೆಟ್ ಹಾಲು ಬಹುಪಾಲು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘಗಳಿಂದ ಕುಲಶೇಖರದ ದಕ್ಷಿಣ ಕನ್ನಡ ಹಾಲು ಒಕ್ಕೂಟಕ್ಕೆ ಸೇರಿ ನಂದಿನಿ ಹೆಸರಲ್ಲಿ ಬರೋದು. ಸಾವಿರಾರು ಹಟ್ಟಿಯ (ದನದ ಕೊಟ್ಟಿಗೆಯ) ಹಾಲು ಒಂದೇ ಟ್ಯಾಂಕಿಗೆ ಬೀಳ್ತದೆ, ಹಾಗಾಗಿ ಪ್ಯಾಕೆಟ್ ನೋಡಿ ಯಾವ ಹಸು ಅಂತ ಕೇಳಿದ್ರೆ ಯಾರಿಗೂ ಹೇಳ್ಲಿಕ್ಕೆ ಆಗುವುದಿಲ್ಲ. ಗೊತ್ತಾಗ್ಬೇಕಾದ್ರೆ ಹಟ್ಟಿಗೇ ಹೋಗ್ಬೇಕು. ಹತ್ತಿರದ ಸಂಘಕ್ಕೆ ಬೆಳಿಗ್ಗೆ ಹಾಲು ತರುವವರ ಪರಿಚಯ ಮಾಡ್ಕೊಳ್ಳಿ, ಒಬ್ಬರ ಮನೆಯಿಂದಲೇ ಹಾಲು ತಗೊಳ್ಳುವ ವ್ಯವಸ್ಥೆ ಆದ್ರೆ ಇನ್ನೂ ಒಳ್ಳೇದು, ಹಾಗೆ ತಂದದ್ದನ್ನ ಚೆನ್ನಾಗಿ ಕುದಿಸಿಯೇ ಕುಡೀರಿ.

ಹೋಗಿ ತನಿಖೆ ಮಾಡುವ ಹಾಗೆ ಕೇಳ್ಬೇಡಿ. ಎರಡು ದನ ಕಟ್ಟಿಕೊಂಡು ಮನೆ ನಡೆಸುವವರು ಅವರು, ಹಿಂಡಿಯ ರೇಟು ಎಷ್ಟಾಗಿದೆ ಅಂತ ಮೊದಲು ಕೇಳಿಸ್ಕೊಳ್ಳಿ. ಆಮೇಲೆ ಮೆಲ್ಲ, ‘ಅಕ್ಕ, ಕರುವಿಗೆ ಎಷ್ಟು ಸಮಯ ಹಾಲು ಬಿಡ್ತೀರಿ?’, ‘ಹೋರಿ ಕರು ಹುಟ್ಟಿದ್ರೆ ಎಂತ ಮಾಡ್ತೀರಿ?’, ‘ಹಾಲು ಬತ್ತಿದ ಮೇಲೆ?’, ‘ಹಗಲು ಮೇಯ್ಲಿಕ್ಕೆ ಬಿಡ್ತೀರಾ?’ ಅಂತ. ಹೋರಿ ಕರುವಿನ ಪ್ರಶ್ನೆಗೆ ಸುಮ್ಮನಾದ್ರೆ ಅಲ್ಲಿ ಕಷ್ಟ ಉಂಟು ಅಂತ ಅರ್ಥ ಮಾಡ್ಕೊಳ್ಳಿ. ಗದ್ದೆ ಉಳುವುದು ಟಿಲ್ಲರ್ ಆದ ಮೇಲೆ ಹೋರಿಗೆ ಕೆಲಸ ಇಲ್ಲ. ಹೆಣ್ಣು ಕರುವೇ ಹುಟ್ಟುವ ಸಾಧ್ಯತೆ ಹೆಚ್ಚಿಸುವ ಲಿಂಗ ವಿಂಗಡಿಸಿದ ವೀರ್ಯ ಈಗ ಸಿಗ್ತದೆ, ಅದನ್ನ ಕೊಡಿಸ್ತೀರಾ ಅಂತಲೂ ಕೇಳ್ಬಹುದು.

ಕಣ್ಣಲ್ಲೇ ಕಾಣುವ ಎಚ್ಚರಿಕೆಗಳು: ಮಲಗಿ ಏಳ್ಲಿಕ್ಕೂ ಆಗದಷ್ಟು ಗಿಡ್ಡ ಹಗ್ಗ, ಯಾವಾಗಲೂ ಒದ್ದೆ ಸಿಮೆಂಟು ನೆಲ, ಮೊಣಕಾಲು ಬಾತು ಗಾಯ ಆದದ್ದು, ಮುಟ್ಲಿಕ್ಕೆ ಹೋದ್ರೆ ಹೆದರಿ ಹಿಂದೆ ಸರಿಯುವ ದನ, ಹಾಲು ಇಳಿಸ್ಲಿಕ್ಕೆ ಆಕ್ಸಿಟೋಸಿನ್ ಚುಚ್ಚುವ ಸಿರಿಂಜು ಬಿದ್ದಿರೋದು. ಕೊನೆಯದನ್ನ ಕಂಡ್ರೆ ಅಲ್ಲಿಂದ ಹಾಲು ತಗೊಳ್ಬೇಡಿ. ಹಾಗೆ ಚುಚ್ಚೋದು ಪ್ರಾಣಿ ಹಿಂಸೆ ತಡೆಯುವ 1960ರ ಕಾಯ್ದೆಯ ಪ್ರಕಾರವೂ ಅಪರಾಧ.

ಜೇನು: ಪುತ್ತೂರು, ಸುಳ್ಯ ಕಡೆ ಪೆಟ್ಟಿಗೆಯಲ್ಲಿ ತುಡುವೆ ಜೇನು ಸಾಕುವವರಿದ್ದಾರೆ. ಎಕ್ಸ್‌ಟ್ರ್ಯಾಕ್ಟರಿನಲ್ಲಿ ತಿರುಗಿಸಿ ತೆಗೆದ್ರೆ ಎರಿ (ಜೇನಿನ ಮೇಣದ ಗೂಡು) ಉಳೀತದೆ, ಹಿಂಡಿದ್ರೆ ಎರಿಯ ಜೊತೆ ಮರಿಗಳೂ ಸಾಯ್ತವೆ. ಹೆಜ್ಜೇನಿಗೆ ಬೆಂಕಿ ಹೊಗೆ ಹಾಕಿ ಹಿಂಡಿದ್ದಂತೂ ಇನ್ನೂ ಕ್ರೂರ. ಸಾಕುವವರ ಹತ್ರ ಒಂದು ಪ್ರಶ್ನೆ ಕೇಳಿದ್ರೆ ಸಾಕು, ‘ಮಳೆಗಾಲಕ್ಕೆ ಹುಳಕ್ಕೆ ಎಷ್ಟು ಬಿಟ್ಟಿದ್ದೀರಿ?’ ನಮ್ಮ ಮಳೆಯಲ್ಲಿ ಹೂವೂ ಇರುವುದಿಲ್ಲ, ಹುಳ ಹೊರಗೆ ಹೋಗ್ಲಿಕ್ಕೂ ಆಗುವುದಿಲ್ಲ, ಎಲ್ಲ ತೆಗೆದ್ರೆ ಅವು ಉಪವಾಸ. ಸಕ್ಕರೆ ಪಾಕ ಕೊಡ್ತೇವೆ ಅಂತ ಪ್ರಾಮಾಣಿಕವಾಗಿ ಹೇಳುವವರನ್ನ ನಾನು ನಂಬ್ತೇನೆ.

ಮೊಟ್ಟೆ ತಿನ್ನುವವರಿಗೆ: ಕಂದು ಸಿಪ್ಪೆ ಅಂದ್ರೆ ಊರ ಕೋಳಿ ಅಂತ ಅಲ್ಲ, ಅದು ತಳಿಯ ಬಣ್ಣ. ಪಂಜರದ ಫಾರ್ಮಿನಲ್ಲಿ ಒಂದು ಕೋಳಿಗೆ ಸಿಗುವ ಜಾಗ ಹೆಚ್ಚಾಗಿ ಒಂದು ಎ4 ಹಾಳೆಗಿಂತ ಕಡಿಮೆ, ರೆಕ್ಕೆ ಬಿಡಿಸ್ಲಿಕ್ಕೂ ಆಗುವುದಿಲ್ಲ. ಕಾನೂನು ಆಯೋಗ 2017ರಲ್ಲಿ ಕೊಟ್ಟ 269ನೇ ವರದಿ ಈ ಕೋಳಿಗಳನ್ನ ಇಡುವ ಸ್ಥಿತಿಯ ಬಗ್ಗೆಯೇ ಇರೋದು. ಊರ ಕೋಳಿ ಸಾಕಿದ ಮನೆಯಿಂದ ತಗೊಂಡ್ರೆ ಕಣ್ಣಾರೆ ನೋಡ್ಬಹುದು. ಹ್ಯಾಚರಿಯಲ್ಲಿ ಮೊಟ್ಟೆ ಇಡದ ಗಂಡು ಮರಿಗಳನ್ನ ಹುಟ್ಟಿದ ದಿನವೇ ಕೊಲ್ಲುವ ಪದ್ಧತಿ ಉಂಟು, ಇದನ್ನ ತಿಳ್ಕೊಂಡೇ ನಿಮ್ಮ ಗೆರೆ ಹಾಕಿ.

ಹಂತ 9: ಕಂಪೆನಿಗೆ ಬರೆಯೋದು, ದೂರು ಕೊಡೋದು

ಸಂಶಯ ಮಾತ್ರ ಇದ್ರೆ ಮೊದಲು ಪ್ಯಾಕೆಟ್ ಮೇಲಿರುವ ಕಸ್ಟಮರ್ ಕೇರ್‌ಗೆ ಮೇಲ್ ಮಾಡಿ. ಹೀಗೆ ಬರೆದ್ರೆ ಸಾಕು: ‘ನಿಮ್ಮ ಈ ಪದಾರ್ಥ, ಬ್ಯಾಚ್ ನಂಬರ್ ಇಷ್ಟು. ಇದರಲ್ಲಿರುವ 471 ಮತ್ತು 631 ಸಸ್ಯ ಮೂಲದ್ದೋ ಪ್ರಾಣಿ ಮೂಲದ್ದೋ, ಯಾವುದರಿಂದ ಮಾಡಿದ್ದು ಅಂತ ಲಿಖಿತವಾಗಿ ತಿಳಿಸಿ.’ ತಾಳೆ ಎಣ್ಣೆಯದ್ದು, ಹುದುಗಿಸಿದ್ದು ಅಂತ ಸ್ಪಷ್ಟ ಹೇಳಿದ್ರೆ ಒಳ್ಳೆ ಉತ್ತರ. ‘ನಾವು ಎಲ್ಲ ನಿಯಮ ಪಾಲಿಸ್ತೇವೆ’ ಅಂತ ಮಾತ್ರ ಬಂದ್ರೆ ಅದೇ ಪ್ರಶ್ನೆ ಇನ್ನೊಮ್ಮೆ ಕಳಿಸಿ.

ಹಸಿರು ಚುಕ್ಕಿ ಇದ್ದು ಪಟ್ಟಿಯಲ್ಲಿ ಜೆಲಟಿನ್ ಅಥವಾ ಮೊಟ್ಟೆ ಇದ್ರೆ ಅದು ಸಂಶಯ ಅಲ್ಲ, ದೂರು. ಪ್ಯಾಕೆಟನ್ನ ಬಿಸಾಡ್ಬೇಡಿ, ಉಳಿದ ಪದಾರ್ಥ ಅದರೊಳಗೇ ಇಟ್ಟು ಕಟ್ಟಿ. ಎದುರಿನ ಗುರುತು, ಹಿಂದಿನ ಪಟ್ಟಿ, ಬ್ಯಾಚ್ ನಂಬರ್, ತಯಾರಿಕೆಯ ದಿನಾಂಕ, 14 ಅಂಕಿಯ ನಂಬರ್, ಬಿಲ್ಲು ಇಷ್ಟರದ್ದೂ ಫೋಟೋ ಬೇಕು. ಬಿಲ್ಲು ತಗೊಳ್ಳದೆ ಬರೋದೇ ಇಲ್ಲಿ ಆಗುವ ದೊಡ್ಡ ತಪ್ಪು. ಎಫ್ಎಸ್ಎಸ್ಎಐಯ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ಹಾಕ್ಬಹುದು, 1800112100ಕ್ಕೆ ಫೋನ್ ಮಾಡ್ಬಹುದು, ಗ್ರಾಹಕರ ಸಹಾಯವಾಣಿ 1915 ಉಂಟು, ಇಲ್ಲದಿದ್ರೆ ನಿಮ್ಮ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗೆ ಕಾಗದದಲ್ಲೇ ಬರೆದು ಕೊಡಿ. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ತಪ್ಪು ಲೇಬಲ್ಲಿಗೆ 3 ಲಕ್ಷದವರೆಗೆ ದಂಡ ಹಾಕ್ಬಹುದು, ಮತ್ತೆ ಅದರ 40ನೇ ಸೆಕ್ಷನ್ ಪ್ರಕಾರ ಗ್ರಾಹಕರೇ ಫೀಸು ಕಟ್ಟಿ ಆಹಾರವನ್ನ ಪರೀಕ್ಷೆ ಮಾಡಿಸ್ಲಿಕ್ಕೂ ಅವಕಾಶ ಉಂಟು.

ದೂರು ಕೊಡುವ ಮೊದಲೇ ಫೋಟೋವನ್ನ ಸ್ಟೇಟಸ್‌ಗೆ ಹಾಕಿ ಊರಿಡೀ ಹಂಚ್ಬೇಡಿ. ನೀವು ಓದಿದ್ದರಲ್ಲೇ ತಪ್ಪಿದ್ರೆ ಒಬ್ಬರ ವ್ಯಾಪಾರ ಹಾಳಾಗ್ತದೆ, ಸರಿಯಿದ್ರೂ ಆ ಬ್ಯಾಚ್ ಅಧಿಕಾರಿ ಬರುವಷ್ಟರಲ್ಲಿ ಕಪಾಟಿನಿಂದ ಕಾಣೆಯಾಗಿರ್ತದೆ. ದೂರಿನ ನಂಬರ್ ಸಿಕ್ಕಿದ ಕೂಡ್ಲೆ ಬರ್ಕೊಳ್ಳಿ, ಅಧಿಕಾರಿ ಬಂದು ಸ್ಯಾಂಪಲ್ ತಗೊಳ್ಳುವವರೆಗೆ ಆ ಪ್ಯಾಕೆಟನ್ನ ಫ್ರಿಜ್ಜಿನಲ್ಲಿ ಬೇರೆ ಡಬ್ಬದಲ್ಲಿ ಹಾಕಿಡಿ, ಮೇಲೆ ತಾರೀಕು ಬರೆದು, ಮನೆಯವರು ಯಾರೂ ತಿಳಿಯದೆ ತಿನ್ನದ ಹಾಗೆ.